ಮೈದುಂಬಿದ ವೈನ್: ಕ್ಯಾಬರ್ನೆಯೋ, ಶಿರಾಜೋ?

ಕೆಂಪು ವೈನ್ ಬಾಟಲಿಯ ಹಿಂದಿನ ಚೀಟಿಯಲ್ಲಿ ‘ಫುಲ್ ಬಾಡೀಡ್’ ಎಂಬ ಮಾತು ಇರುತ್ತದೆ. ಓದಿದವರು ಬಣ್ಣ ಕಡು ಇರಬೇಕು ಅಂದುಕೊಳ್ಳುತ್ತಾರೆ, ಇಲ್ಲವೇ ಬೇಗ ತಲೆಗೇರುತ್ತದೆ ಅಂದುಕೊಳ್ಳುತ್ತಾರೆ. ಅದರ ಅರ್ಥ ಅದಲ್ಲ. ವೈನ್ ನಾಲಿಗೆಯ ಮೇಲೆ ಎಷ್ಟು ಭಾರವಾಗಿ ಕೂರುತ್ತದೆ ಎಂಬುದೇ ಬಾಡಿ. ಕೆನೆ ತೆಗೆದ ಹಾಲು ಒಂದು ಗುಟುಕು, ಗಟ್ಟಿ ಹಾಲು ಒಂದು ಗುಟುಕು ಕುಡಿದು ನೋಡಿ. ರುಚಿಗಿಂತ ಮೊದಲು ತೂಕವೇ ಗೊತ್ತಾಗುತ್ತದೆ, ಅಲ್ವಾ? ವೈನ್‌ನಲ್ಲೂ ಹಾಗೆಯೇ. ಕನ್ನಡದಲ್ಲಿ ‘ಮೈದುಂಬಿದ ವೈನ್’ ಎಂದರೆ ಸರಿಯಾಗಿ ಕೂರುತ್ತದೆ.

ಈ ತೂಕದಲ್ಲಿ ದೊಡ್ಡ ಪಾಲು ಆಲ್ಕೋಹಾಲಿನದು. ಶೇ 12.5ಕ್ಕಿಂತ ಕಡಿಮೆಯಿದ್ದರೆ ತೆಳು, 13.5 ದಾಟಿದರೆ ಮೈದುಂಬಿದ್ದು ಎಂಬುದು ರೂಢಿಯ ಲೆಕ್ಕ. ದ್ರಾಕ್ಷಿ ಸಿಪ್ಪೆಯಿಂದ ಇಳಿದ ಸಾರವೂ ಉಳಿದ ಸಕ್ಕರೆಯೂ ಇದಕ್ಕೆ ಸೇರುತ್ತವೆ. ಬಣ್ಣ ನಂಬಿದರೆ ಮೋಸ ಹೋಗುತ್ತೀರಿ. ಇಟಲಿಯ ಬರೋಲೊ ಎಂಬ ವೈನ್ ಲೋಟದಲ್ಲಿ ತಿಳಿಗೆಂಪು, ಬಾಯಲ್ಲಿ ಒಳ್ಳೇ ಭಾರ. ಇನ್ನು ಲೋಟ ತಿರುಗಿಸಿ, ಒಳಗೋಡೆಯ ಮೇಲೆ ಇಳಿಯುವ ಹನಿಗಳನ್ನು ನೋಡಿ ತಲೆಯಾಡಿಸುವವರಿದ್ದಾರೆ. ಅದು ಆಲ್ಕೋಹಾಲ್ ಆವಿಯಾಗುವಾಗ ನಡೆಯುವ ಆಟ. ವೈನ್ ಒಳ್ಳೆಯದೋ ಕೆಟ್ಟದ್ದೋ ಅದು ಹೇಳುವುದಿಲ್ಲ.

ತೊಡಕು ಇಲ್ಲಿದೆ. ಕ್ಯಾಬರ್ನೆ ಸೋವಿನ್ಯೋಂ (ಚಿಕ್ಕದಾಗಿ ಕ್ಯಾಬರ್ನೆ), ಶಿರಾಜ್ ಎರಡೂ ಕೆಂಪು ವೈನ್ ಮಾಡುವ ದ್ರಾಕ್ಷಿಯ ತಳಿಗಳು, ವೈನಿಗೂ ಅದೇ ಹೆಸರು. ಕ್ಯಾಬರ್ನೆ ಸೋವಿನ್ಯೋಂ ಬಾಟಲಿಯ ಮೇಲೂ ಇದೇ ಮಾತು, ಶಿರಾಜ್ ಬಾಟಲಿಯ ಮೇಲೂ ಇದೇ ಮಾತು. ಎರಡರದ್ದೂ ಭಾರ ಹೆಚ್ಚುಕಮ್ಮಿ ಒಂದೇ. ಹಾಗಾದರೆ ಆರಿಸುವುದು ಹೇಗೆ? ಇದಕ್ಕೆ ಬೇಕಾದ ಪದ ನಮ್ಮಲ್ಲಿ ಮೊದಲಿನಿಂದಲೂ ಇದೆ: ಒಗರು.

ಸ್ಟ್ರಾಂಗ್ ಟೀ ಹಾಲಿಲ್ಲದೆ ಕುಡಿದಾಗ ಒಸಡು, ಕೆನ್ನೆಯ ಒಳಭಾಗ ಹಿಡಿದಂತಾಗುತ್ತದಲ್ಲ, ಅದೇ. ವೈನ್‌ನಲ್ಲಿ ಈ ಒಗರು ಟ್ಯಾನಿನ್‌ನಿಂದ ಬರುತ್ತದೆ. ಟ್ಯಾನಿನ್ ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಲ್ಲಿರುತ್ತದೆ. ಅದು ಎಂಜಲಿನ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ, ಬಾಯಿಯ ಜಾರುತನ ಹೋಗಿ ಒಣಗಿದ ಹಾಗಾಗುತ್ತದೆ. ಬಹಳ ಜನ ಇದನ್ನೇ ಭಾರ ಎಂದು ತಿಳಿಯುತ್ತಾರೆ. ಭಾರ ಬೇರೆ, ಹಿಡಿತ ಬೇರೆ. ನನ್ನ ಮಾತಲ್ಲಿ ಹೇಳುವುದಾದರೆ ಒಂದು ಮೈ, ಇನ್ನೊಂದು ಕಟ್ಟು.

ಕ್ಯಾಬರ್ನೆಯದು ಕಟ್ಟು. ಅದರ ಹಣ್ಣು ಚಿಕ್ಕದು, ಸಿಪ್ಪೆ ದಪ್ಪ, ತಿರುಳಿಗೆ ಹೋಲಿಸಿದರೆ ಬೀಜ ಜಾಸ್ತಿ. ಒಗರೂ ಹುಳಿಯೂ ಚೆನ್ನಾಗಿಯೇ ಇರುತ್ತವೆ. ಕಪ್ಪು ಕರಂಟ್ ಹಣ್ಣಿನ ವಾಸನೆ ಅದರ ಗುರುತು. ಹಣ್ಣು ಪೂರ್ತಿ ಮಾಗದಿದ್ದರೆ ಹಸಿರು ದೊಣ್ಣೆ ಮೆಣಸಿನಕಾಯಿಯ ವಾಸನೆಯೂ ಬರುತ್ತದೆ. ಪೈರಜೀನ್ ಎಂಬ ಅಂಶದ ಕೆಲಸ ಅದು. ಸೋವಿನ್ಯೋಂ ಬ್ಲಾಂಕ್ ಎಂಬ ಬಿಳಿ ದ್ರಾಕ್ಷಿಯಲ್ಲೂ ಇದೇ ಇದೆ. ಆಶ್ಚರ್ಯವೇನಿಲ್ಲ, ಕ್ಯಾಬರ್ನೆ ಹುಟ್ಟಿದ್ದು ಆ ಬಿಳಿ ದ್ರಾಕ್ಷಿ ಮತ್ತು ಕ್ಯಾಬರ್ನೆ ಫ್ರಾಂ ಎಂಬ ಕೆಂಪು ದ್ರಾಕ್ಷಿ ಬೆರೆತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು 1990ರ ದಶಕದಲ್ಲಿ ಡಿಎನ್‌ಎ ಪರೀಕ್ಷೆಯಿಂದ ಇದನ್ನು ಕಂಡುಹಿಡಿದರು. ಅಂದ ಹಾಗೆ, ಕ್ಯಾಬರ್ನೆಗೆ ಒಂದು ಕೊರತೆ ಇದೆ. ಶುರುವಿನಲ್ಲಿ ಹಣ್ಣು, ಕೊನೆಯಲ್ಲಿ ಒಗರು, ನಡುವೆ ಸ್ವಲ್ಪ ಟೊಳ್ಳು. ಫ್ರಾನ್ಸಿನ ವೈನ್ ಸೀಮೆ ಬೋರ್ಡೊದಲ್ಲಿ ಇದಕ್ಕೆ ಮೆರ್ಲೊ ಎಂಬ ಇನ್ನೊಂದು ಕೆಂಪು ದ್ರಾಕ್ಷಿಯ ವೈನ್ ಬೆರೆಸುವುದಕ್ಕೆ ಇದೂ ಒಂದು ಕಾರಣ.

ಶಿರಾಜ್‌ನದು ಮೈ. ಒಗರು ಇಲ್ಲವೆಂದಲ್ಲ, ಆದರೆ ಮಾಗಿದ ಹಣ್ಣಿನ ಕೆಳಗೆ ಮೆತ್ತಗೆ ಅಡಗಿರುತ್ತದೆ. ನಡುಬಾಯಿ ತುಂಬಿ ಬರುತ್ತದೆ. ಇರಾನಿನ ಶಿರಾಜ್ ಊರಿನಿಂದ ಬಂದ ದ್ರಾಕ್ಷಿ ಎಂಬ ಕಥೆ ಚೆಂದವಾಗಿದೆ, ಆದರೆ ಸುಳ್ಳು. ಇದರ ತಂದೆತಾಯಿ ಎರಡೂ ಫ್ರಾನ್ಸಿನ ಆಗ್ನೇಯ ಭಾಗದ ದ್ರಾಕ್ಷಿಗಳು ಎಂದು 1998ರಲ್ಲಿ ಗೊತ್ತಾಯಿತು. ಫ್ರಾನ್ಸಿನಲ್ಲಿ ಇದರ ಹೆಸರು ಸಿರಾ. ಆಸ್ಟ್ರೇಲಿಯಾಕ್ಕೆ 1830ರ ದಶಕದಲ್ಲಿ ಹೋಯಿತು, ಅಲ್ಲಿ ಶಿರಾಜ್ ಎನಿಸಿಕೊಂಡಿತು.

ಈ ಎರಡು ಹೆಸರು ಆರಿಸುವವರಿಗೆ ಸುಳಿವೂ ಹೌದು. ಆಸ್ಟ್ರೇಲಿಯಾದ ಬಿಸಿಲಿನ ಬರೋಸಾ ಕಣಿವೆಯ ಶಿರಾಜ್‌ನಲ್ಲಿ ಜ್ಯಾಮ್, ಚಾಕೊಲೇಟ್ ನೆನಪಾಗುತ್ತವೆ, ಆಲ್ಕೋಹಾಲ್ ಎಷ್ಟೋ ಸಲ ಶೇ 14.5ರ ಮೇಲೆ. ಫ್ರಾನ್ಸಿನ ತಂಪಾದ ಉತ್ತರ ರೋನ್ ಕಣಿವೆಯ ಸಿರಾ ಇದಕ್ಕಿಂತ ಬಿಗಿ, ಕಾಳುಮೆಣಸಿನ ವಾಸನೆ ಜಾಸ್ತಿ. ಇದು ಬರಿಯ ಹೋಲಿಕೆಯಲ್ಲ. ರೋಟಂಡೋನ್ ಎಂಬ ಅಂಶ ಕಾಳುಮೆಣಸಿನಲ್ಲೂ ಇದೆ, ಸಿರಾದಲ್ಲೂ ಇದೆ. ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಇದನ್ನು ತೋರಿಸಿಕೊಟ್ಟರು. ಐದು ಜನರಲ್ಲಿ ಸುಮಾರು ಒಬ್ಬರಿಗೆ ಈ ವಾಸನೆ ತಿಳಿಯುವುದೇ ಇಲ್ಲ. ಪಕ್ಕದವರು ‘ಮೆಣಸು, ಮೆಣಸು’ ಎನ್ನುತ್ತಿದ್ದು ನಿಮಗೇನೂ ಗೊತ್ತಾಗದಿದ್ದರೆ ಸಂಕೋಚ ಬೇಡ.

ಊಟವಿಲ್ಲದೆ ಸುಮ್ನೆ ಕುಡಿಯಲು, ಅಥವಾ ಕೆಂಪು ವೈನ್ ಹೊಸತಾದವರಿಗೆ, ನಾನಂತೂ ಶಿರಾಜ್ ಕೊಡುತ್ತೇನೆ. ಕೊಬ್ಬಿರುವ ಮಾಂಸ ಅಥವಾ ಗಟ್ಟಿ ಚೀಸ್ ತಟ್ಟೆಯಲ್ಲಿದ್ದರೆ ಕ್ಯಾಬರ್ನೆಯೇ ಸರಿ. ಟ್ಯಾನಿನ್ ಆಹಾರದ ಪ್ರೋಟೀನನ್ನೂ ಹಿಡಿದುಕೊಳ್ಳುತ್ತದೆ, ಒಗರು ತಗ್ಗುತ್ತದೆ. ಖಾರದ ಊಟಕ್ಕೆ ಎರಡೂ ಅಷ್ಟಕ್ಕಷ್ಟೆ, ಆಲ್ಕೋಹಾಲ್ ಜಾಸ್ತಿಯಾದಷ್ಟೂ ಉರಿ ಏರುತ್ತದೆ. ಯಾವುದೇ ಆದರೂ 16ರಿಂದ 18 ಡಿಗ್ರಿ ಸೆಲ್ಸಿಯಸ್‌ನಲ್ಲಿರಲಿ. ಬಿಸಿ ಕೋಣೆಯಲ್ಲಿಟ್ಟ ಶಿರಾಜ್ ಬರೀ ಸ್ಪಿರಿಟ್ ವಾಸನೆ ಹೊಡೆಯುತ್ತದೆ.

ಎರಡೂ ಬೇಕೆನ್ನುವವರಿಗೆ ಆಸ್ಟ್ರೇಲಿಯಾದವರು ಕ್ಯಾಬರ್ನೆ, ಶಿರಾಜ್ ಬೆರೆಸಿಯೇ ವೈನ್ ಮಾಡುತ್ತಾರೆ. ಅದೇನೂ ಹೊಸ ಉಪಾಯವಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಬೋರ್ಡೊದ ವ್ಯಾಪಾರಿಗಳು ತಮ್ಮ ವೈನ್ ತೆಳುವಾದ ವರ್ಷ ರೋನ್ ಕಣಿವೆಯ ಹರ್ಮಿಟಾಜ್‌ನಿಂದ ಸಿರಾ ತರಿಸಿ ಪೀಪಾಯಿಗೆ ಸುರಿಯುತ್ತಿದ್ದರು. ಕಟ್ಟು ತಮ್ಮದೇ, ಮೈ ಮಾತ್ರ ಸಾಲ ತಂದದ್ದು.