ದೀಕ್ಷಾಸ್ನಾನ ಆಗಿಲ್ಲಂದ್ರ ರಕ್ಷಣೆ ಇಲ್ಲೇನ್ರಿ?

ಪ್ರಶ್ನೆ: "ಸರ್, ನಮ್ಮ ಅವ್ವ ಹದಿನೈದು ವರ್ಷ ಪ್ರಾರ್ಥನೆಗೆ ಹೋಗ್ಯಾಳ. ದೀಕ್ಷಾಸ್ನಾನ ತಗೋಬೇಕಂತ ಇದ್ಳು, ಅಷ್ಟರಾಗ ತೀರಿಕೊಂಡ್ಳು. ನೀರಾಗ ಮುಳುಗಿಲ್ಲಂದ್ರ ಸ್ವರ್ಗ ಇಲ್ಲ ಅಂತ ಒಬ್ರು ಪಾಸ್ಟರ್ ಅಂದ್ರು. ಖರೇ ಏನ್ರಿ? ನಂಬಿದ್ರ ಸಾಕೋ, ಆಜ್ಞೆ ಪಾಲಿಸೋದೂ ಬೇಕೋ?" (ಭಾಲ್ಕಿ ತಾಲ್ಲೂಕಿನ ಒಬ್ಬ ಓದುಗರು)

ಖರೇ ಅಲ್ಲ. ನಿಮ್ಮ ಅವ್ವ ಕ್ರಿಸ್ತನನ್ನು ನಂಬಿದ್ದರೆ ಆಕೆಯ ರಕ್ಷಣೆ ಕ್ರಿಸ್ತನ ಕೈಯಲ್ಲಿದೆ, ನೀರಿನ ಕೈಯಲ್ಲಿಲ್ಲ. ಮೊದಲು ಇದನ್ನು ಮನಸ್ಸಿಗೆ ತಂದುಕೊಳ್ಳಿ, ಉಳಿದದ್ದನ್ನು ಸಾವಕಾಶ ಓದಿ.

ಔರಾದಿನವರು ಕೇಳಿದ್ದಾರೆ, ಹುಮನಾಬಾದಿನವರು ಕೇಳಿದ್ದಾರೆ, ಶಹಾಪುರದವರು ಕೇಳಿದ್ದಾರೆ. ಮಣ್ಣಿಗೆ ಹೋದಲ್ಲಿಯೂ ಇದೇ ಪ್ರಶ್ನೆ, ಉಪವಾಸ ಪ್ರಾರ್ಥನೆ ಮುಗಿಸಿ ಚಹಾಕ್ಕೆ ಕೂತಲ್ಲಿಯೂ ಇದೇ. ಎಷ್ಟು ಸಲ ಹೇಳಿದರೂ ಮರುವಾರ ಮತ್ತೊಬ್ಬರು ಕಣ್ಣೀರು ಹಾಕಿಕೊಂಡು ಬರುತ್ತಾರೆ. ಸತ್ತವರ ಹೆಸರಿನಲ್ಲಿ ಇದ್ದವರನ್ನು ಹೆದರಿಸುವ ಈ ಮಾತು ನಿಲ್ಲಬೇಕು. ಅದಕ್ಕೇ ಈ ಸಲ ಉದ್ದ ಬರೆಯುತ್ತಿದ್ದೇನೆ.

ಪಾಸ್ಟರ್ ಯಾವ ವಚನ ತೋರಿಸಿದರೆಂದು ನೀವು ಬರೆದಿಲ್ಲ. ಮಾರ್ಕ 16:16 ಇರಬೇಕು, ಯಾವಾಗಲೂ ಅದೇ. ನಂಬಿ ದೀಕ್ಷಾಸ್ನಾನ ಪಡೆದವನಿಗೆ ರಕ್ಷಣೆ ಎಂಬಲ್ಲಿಗೆ ಓದು ನಿಲ್ಲಿಸಿಬಿಡುತ್ತಾರೆ. ವಚನ ಅಲ್ಲಿಗೆ ಮುಗಿಯುವುದಿಲ್ಲ. ದಂಡನೆ ಯಾರಿಗೆ? ನಂಬದವನಿಗೆ. ನಂಬಿಯೂ ನೀರಿಗೆ ಇಳಿಯದವನಿಗೆ ಎಂದು ಅಲ್ಲಿ ಬರೆದಿಲ್ಲ. ಇನ್ನೊಂದು ವಿಷಯವನ್ನು ಬೋಧಕರಾದವರು ತಿಳಿದಿರಲೇಬೇಕು: ನಾಲ್ಕನೇ ಶತಮಾನದ ಅತಿ ಹಳೆಯ ಎರಡು ಗ್ರೀಕ್ ಪ್ರತಿಗಳಲ್ಲಿ ಮಾರ್ಕನ ಸುವಾರ್ತೆ 16:8ಕ್ಕೇ ನಿಲ್ಲುತ್ತದೆ. ಅದರಾಚೆಯ ಒಂದು ವಚನದ ಅರ್ಧವನ್ನು ಹಿಡಿದು ಒಬ್ಬ ತಾಯಿಯನ್ನು ನರಕಕ್ಕೆ ಕಳಿಸುವ ಧೈರ್ಯ ಯಾರಿಗೂ ಬರಬಾರದು.

ಈಗ ಅಪೊಸ್ತಲರ ಕೃತ್ಯಗಳು ತೆಗೆಯಿರಿ. ಹತ್ತನೇ ಅಧ್ಯಾಯದಲ್ಲಿ ಕೈಸರೈಯದ ಕೊರ್ನೇಲ್ಯನ ಮನೆಯಲ್ಲಿ ಪೇತ್ರನು ಇನ್ನೂ ಮಾತಾಡುತ್ತಿರುವಾಗಲೇ ಕೇಳುತ್ತಿದ್ದವರ ಮೇಲೆ ಪವಿತ್ರಾತ್ಮನು ಇಳಿದನು. ನೀರಿನ ಮಾತು ಬಂದದ್ದು ಆಮೇಲೆ. ಇವರಿಗೆ ನೀರನ್ನು ಯಾರು ತಡೆಯಬಲ್ಲರು ಎಂದು ಪೇತ್ರನೇ ಕೇಳುತ್ತಾನೆ. ನೀರಿಗೆ ಇಳಿಯುವವರೆಗೆ ದೇವರು ಕೈಕಟ್ಟಿ ಕಾಯುತ್ತಾನೆ ಎನ್ನುವವರು ಈ ಅಧ್ಯಾಯಕ್ಕೆ ಏನು ಹೇಳುತ್ತಾರೆ?

ಎಂಟನೇ ಅಧ್ಯಾಯದ ಸಂಗತಿ ಇನ್ನೂ ಗಟ್ಟಿ. ಸಮಾರ್ಯದ ಮಂತ್ರವಾದಿ ಸೀಮೋನ ನಂಬಿದೆನೆಂದ, ದೀಕ್ಷಾಸ್ನಾನವನ್ನೂ ಪಡೆದ. ಆಮೇಲೆ ದುಡ್ಡು ಕೊಟ್ಟು ಪವಿತ್ರಾತ್ಮನ ವರ ಕೊಡುವ ಅಧಿಕಾರ ಕೊಳ್ಳಲು ಬಂದ. ನಿನ್ನ ಹೃದಯ ದೇವರ ಮುಂದೆ ಸರಿಯಿಲ್ಲ, ಇದರಲ್ಲಿ ನಿನಗೆ ಪಾಲಿಲ್ಲ ಎಂದ ಪೇತ್ರ. ನೀರು ತಾನಾಗಿ ರಕ್ಷಿಸುವುದಾದರೆ ಸೀಮೋನನ ಕೆಲಸ ಅಂದೇ ಮುಗಿದಿರಬೇಕಿತ್ತು.

1 ಪೇತ್ರ 3:21 ತೋರಿಸುವವರೂ ಇದ್ದಾರೆ. ದೀಕ್ಷಾಸ್ನಾನ ರಕ್ಷಿಸುತ್ತದೆ ಎಂದು ಅಲ್ಲಿದೆ, ಇಲ್ಲವೆನ್ನುವುದಿಲ್ಲ. ಅದೇ ವಚನದಲ್ಲಿ ಪೇತ್ರನು ತಾನು ಹೇಳುತ್ತಿರುವುದು ಮೈಯ ಕೊಳೆ ಹೋಗುವ ಮಾತಲ್ಲ, ಒಳ್ಳೆಯ ಮನಸ್ಸಾಕ್ಷಿ ದೇವರ ಕಡೆ ತಿರುಗುವ ಮಾತು ಎಂದು ಬಿಡಿಸಿ ಹೇಳಿದ್ದಾನೆ. ಪೌಲನಂತೂ ಕೊರಿಂಥದವರಿಗೆ ಬರೆದ ಮೊದಲ ಪತ್ರದ ಮೊದಲ ಅಧ್ಯಾಯದಲ್ಲೇ ಕ್ರಿಸ್ಪ, ಗಾಯ, ಸ್ತೆಫನನ ಮನೆಯವರು ಇಷ್ಟೇ ಜನಕ್ಕೆ ತಾನು ದೀಕ್ಷಾಸ್ನಾನ ಮಾಡಿಸಿದ್ದು ಎನ್ನುತ್ತಾನೆ. ಕ್ರಿಸ್ತನು ತನ್ನನ್ನು ಕಳಿಸಿದ್ದು ಸುವಾರ್ತೆ ಸಾರಲಿಕ್ಕೆ ಎನ್ನುತ್ತಾನೆ. ರಕ್ಷಣೆಯೇ ನೀರಿನಲ್ಲಿದ್ದರೆ ಪೌಲನು ಹಾಗೆ ಬರೆಯುತ್ತಿದ್ದನೇ?

ಇದರ ಬೆನ್ನಿಗೇ ಎಷ್ಟು ನೀರು ಎಂಬ ಜಗಳ ಬರುತ್ತದೆ. ಮೆಥಡಿಸ್ಟ್ ಚರ್ಚಿನಲ್ಲಿ ಚಿಕ್ಕಂದಿನಲ್ಲಿ ತಲೆಗೆ ಹಾಕಿದ ನೀರು ಲೆಕ್ಕಕ್ಕಿಲ್ಲ, ಮಾಂಜ್ರಾ ನದಿಗೋ ಭೀಮೆಗೋ ಹೋಗಿ ಪೂರ್ತಿ ಮುಳುಗಿ ಬಾ ಎನ್ನುತ್ತಾರೆ. ಬೀದರಿನಲ್ಲಿ ಇದಕ್ಕಾಗಿಯೇ ಮನೆ ಒಡೆದದ್ದುಂಟು. ಸಭೆಯ ಅತಿ ಹಳೆಯ ಕೈಪಿಡಿಗಳಲ್ಲೊಂದು ದಿದಾಖೆ. ಅದರ ಏಳನೇ ಅಧ್ಯಾಯ ಸರಳವಾಗಿದೆ: ಹರಿಯುವ ನೀರಿದ್ದರೆ ಅದರಲ್ಲಿ ಮಾಡಿಸಿ, ಇಲ್ಲದಿದ್ದರೆ ಬೇರೆ ನೀರು, ತಣ್ಣೀರಿಲ್ಲದಿದ್ದರೆ ಬಿಸಿನೀರು, ಎರಡೂ ಸಾಕಷ್ಟಿಲ್ಲದಿದ್ದರೆ ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ತಲೆಯ ಮೇಲೆ ಮೂರು ಸಲ ಸುರಿಯಿರಿ. ಬೇಸಿಗೆಯಲ್ಲಿ ಟ್ಯಾಂಕರ್ ಕಾಯುವ ನಮಗೆ ಇದು ಬೇಗ ಅರ್ಥವಾಗಬೇಕು. ಮೆಥಡಿಸ್ಟರ ಮೂಲಪುರುಷ ಜಾನ್ ವೆಸ್ಲಿಗೂ ಶಿಶುವಾಗಿದ್ದಾಗಲೇ, 1703ರಲ್ಲಿ, ದೀಕ್ಷಾಸ್ನಾನವಾಗಿತ್ತು. ತನ್ನ ಪಾಪಗಳನ್ನು ಕ್ರಿಸ್ತನು ತೆಗೆದುಹಾಕಿದ್ದಾನೆಂಬ ಭರವಸೆ ಹೃದಯಕ್ಕೆ ಇಳಿದದ್ದು 1738ರ ಮೇ 24ರ ಸಂಜೆ, ಲಂಡನ್ನಿನಲ್ಲಿ. ಅದಕ್ಕಾಗಿ ಅವರು ಎರಡನೇ ಸಲ ನೀರಿಗೆ ಇಳಿಯಲಿಲ್ಲ.

ಕಥೋಲಿಕರು ಜ್ಞಾನಸ್ನಾನವನ್ನು (ದೀಕ್ಷಾಸ್ನಾನಕ್ಕೆ ಅವರ ಹೆಸರು) ನಮಗಿಂತ ಬಿಗಿಯಾಗಿ ಹಿಡಿದವರು, ರಕ್ಷಣೆಗೆ ಅದು ಅಗತ್ಯವೆಂದೇ ಕಲಿಸುವವರು. ಅವರ ಧರ್ಮೋಪದೇಶವೂ ದೇವರು ಸಂಸ್ಕಾರಗಳಿಗೆ ಕಟ್ಟುಬಿದ್ದವನಲ್ಲ ಎನ್ನುತ್ತದೆ. ಜ್ಞಾನಸ್ನಾನಕ್ಕೆ ಸಿದ್ಧರಾಗುತ್ತಿರುವಾಗಲೇ ತೀರಿಕೊಂಡವರಿಗೆ ಅವರ ಬಯಕೆ, ಪಶ್ಚಾತ್ತಾಪ ಮತ್ತು ಪ್ರೀತಿಯ ಮೂಲಕವೇ ರಕ್ಷಣೆಯ ಭರವಸೆಯಿದೆ ಎಂದೂ ಹೇಳುತ್ತದೆ. 392ರಲ್ಲಿ ರೋಮಿನ ಯುವ ಚಕ್ರವರ್ತಿ ಎರಡನೇ ವ್ಯಾಲೆಂಟಿನಿಯನ್ ದೀಕ್ಷೆ ಬಯಸಿಯೂ ಪಡೆಯದೆ ಸತ್ತಾಗ, ಮಿಲಾನಿನ ಬಿಷಪ್ ಅಂಬ್ರೋಸ್ ಅಂತ್ಯಕ್ರಿಯೆಯ ಪ್ರಸಂಗದಲ್ಲಿ ಅವನ ಸೋದರಿಯರನ್ನು ಸಂತೈಸಿದ್ದು ಇದೇ ಮಾತಿನಿಂದ: ಅವನು ಕೇಳಿಕೊಂಡಿದ್ದ, ಆದ್ದರಿಂದ ಪಡೆದಿದ್ದಾನೆ. ನಿಮ್ಮ ಅವ್ವನೂ ಬಯಸಿದ್ದರು.

ಹಾಗಾದರೆ ದೀಕ್ಷಾಸ್ನಾನ ಬೇಡವೇ? ಬೇಕು. ಯೇಸುವಿನ ಪಕ್ಕದ ಶಿಲುಬೆಯಲ್ಲಿ ಸಾಯುವ ಮುನ್ನ ನಂಬಿ ರಕ್ಷಣೆ ಪಡೆದ ಕಳ್ಳನಿಗೆ ದೀಕ್ಷಾಸ್ನಾನ ಆಗಿತ್ತೇನ್ರಿ ಎಂದು ಕೇಳಿ ಕೈತೊಳೆದುಕೊಳ್ಳುವವರನ್ನೂ ನಾನು ಒಪ್ಪುವುದಿಲ್ಲ. ಆ ಕಳ್ಳನ ಕೈಕಾಲು ಮರಕ್ಕೆ ಜಡಿದಿದ್ದವು. ನಿಮಗೆ ಕೈಕಾಲು ಇವೆ, ಸಭೆ ಇದೆ, ಮುಂದೆ ಕಾಲವೂ ಇದೆ. ಫಿಲಿಪ್ಪಿಯ ಸೆರೆಮನೆಯ ಅಧಿಕಾರಿ ರಕ್ಷಣೆಗೆ ಏನು ಮಾಡಬೇಕೆಂದು ಕೇಳಿದಾಗ ಸಿಕ್ಕ ಉತ್ತರ "ನಂಬು" ಎಂಬುದೇ. ನಂಬಿದವನು ಆ ರಾತ್ರಿಯೇ ಮನೆಮಂದಿಯೊಂದಿಗೆ ದೀಕ್ಷಾಸ್ನಾನ ಪಡೆದ, ಬೆಳಗಾಗುವವರೆಗೂ ಕಾಯಲಿಲ್ಲ.

ಆಜ್ಞಾಪಾಲನೆಯ ಉತ್ತರವೂ ಇದರೊಳಗೇ ಇದೆ. ಎಫೆಸ 2:8-9ರಲ್ಲಿ ಕೃಪೆಯಿಂದ, ನಂಬಿಕೆಯ ಮೂಲಕ ರಕ್ಷಣೆ ಎಂದು ಓದಿದವರು ಹತ್ತನೇ ವಚನವನ್ನೂ ಓದಬೇಕು. ಸತ್ಕ್ರಿಯೆಗಳಿಗಾಗಿಯೇ ಸೃಷ್ಟಿಯಾದೆವೆಂದು ಅಲ್ಲಿದೆ. ನೆಟೆ ರೋಗ ಹತ್ತಿದ ತೊಗರಿ ಗಿಡ ಹೊಲದಲ್ಲಿ ನಿಂತೇ ಇರುತ್ತದೆ, ಕಾಯಿ ಕಟ್ಟುವುದಿಲ್ಲ. ಕಾಯಿ ತಂದು ಕೊಂಬೆಗೆ ಕಟ್ಟಿದರೆ ಅದು ಬದುಕುತ್ತದೆಯೇ? ಬೇರು ಜೀವಂತ ಇದ್ದರೆ ಕಾಯಿ ಬರುತ್ತದೆ. ಯಾಕೋಬನು ತನ್ನ ಪತ್ರದಲ್ಲಿ ಕ್ರಿಯೆಗಳಿಲ್ಲದ ನಂಬಿಕೆಯನ್ನು ಸತ್ತ ನಂಬಿಕೆ ಎಂದದ್ದು ಇದಕ್ಕೇ.

ನೀವು ಕೇಳದ ಒಂದು ಮಾತು. ವರ್ಷಗಟ್ಟಲೆ ಪ್ರಾರ್ಥನೆಗೆ ಹೋಗುವವರು ದೀಕ್ಷಾಸ್ನಾನ ಯಾಕೆ ಮುಂದೂಡುತ್ತಾರೆ? ನಮ್ಮ ಭಾಗದಲ್ಲಿ ಅನೇಕರಿಗೆ ಅದು ಜಾತಿ ಪ್ರಮಾಣಪತ್ರದ ಚಿಂತೆ. 1950ರ ಪರಿಶಿಷ್ಟ ಜಾತಿಗಳ ಆದೇಶ ಮೊದಲು ಹಿಂದೂಗಳಿಗೆ ಸೀಮಿತವಾಗಿತ್ತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಲಾಯಿತು. ದಲಿತ ಕ್ರೈಸ್ತರು ಹೊರಗೇ ಉಳಿದರು. ಚರ್ಚಿಗೆ ಬಂದರೂ ಕೇರಿ ಬದಲಾಗಲಿಲ್ಲ, ಊರವರು ನೋಡುವ ಕಣ್ಣೂ ಬದಲಾಗಲಿಲ್ಲ, ಸವಲತ್ತು ಮಾತ್ರ ಹೋಯಿತು. ಇದು ಅನ್ಯಾಯವೆಂದೇ ನಾನು ನಂಬಿದ್ದೇನೆ.

ಆದ್ದರಿಂದ ತಡಮಾಡುವವರನ್ನು ಹೇಡಿಗಳೆಂದು ನಾನು ಕರೆಯಲಾರೆ. ಆದರೆ ನೀರು ಮುಟ್ಟದಿದ್ದರೆ ಪ್ರಮಾಣಪತ್ರಕ್ಕೆ ಧಕ್ಕೆಯಿಲ್ಲ ಎಂಬ ಲೆಕ್ಕವನ್ನು ಅವರೂ ನಂಬಬಾರದು. 2024ರ ನವೆಂಬರಿನಲ್ಲಿ ಪುದುಚೇರಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಚಿಕ್ಕಂದಿನ ದೀಕ್ಷಾಸ್ನಾನದ ಜೊತೆಗೆ ಚರ್ಚಿಗೆ ತಪ್ಪದೆ ಹೋಗುವುದನ್ನೂ ಗಮನಿಸಿ, ಪ್ರಮಾಣಪತ್ರ ನಿರಾಕರಿಸಿದ್ದು ಸರಿ ಎಂದಿತು. ಇಂಥ ಭಯವಿದ್ದವರು ಪ್ರಮಾಣಪತ್ರದ ಬಗ್ಗೆ ವಕೀಲರನ್ನು ಕೇಳಿ, ಆ ಭಯವನ್ನು ಸಭಾಪಾಲಕರಿಂದಲೂ ಮುಚ್ಚಿಡಬೇಡಿ. ಮಕ್ಕಳ ಓದು, ನೌಕರಿ ಎರಡೂ ಪಣಕ್ಕಿರುವ ಮನೆಗೆ ನರಕದ ಹೆದರಿಕೆ ಹೊತ್ತು ಹೋಗುವ ಬದಲು ಸಭೆ ಅವರ ಜೊತೆ ಕೂತು ಯೋಚಿಸಲಿ.