ನೂಲು ಹರಿದರೆ ಮಗ್ಗ ನಿಲ್ಲಬೇಕು

ಪುಣೆಯ ಭೋಸರಿಯ ಕೈಗಾರಿಕಾ ಪ್ರದೇಶವಾದ ಎಂಐಡಿಸಿಯಲ್ಲಿ ಜಮಖಂಡಿ ಕಡೆಯ ಯಜಮಾನರೊಬ್ಬರ ಸಣ್ಣ ವರ್ಕ್‌ಶಾಪ್ ಇದೆ. ಲೇಥ್ ಯಂತ್ರದ ಪಕ್ಕದಲ್ಲಿ ಲೋಹದ ತುಂಡುಗಳ ಎರಡು ಪ್ಲಾಸ್ಟಿಕ್ ಬಿನ್. ಮುಂದಿನದು ಖಾಲಿಯಾದ ಕೂಡಲೇ ಹುಡುಗ ಅದರ ತಳದಲ್ಲಿರುವ ಎಣ್ಣೆ ಮೆತ್ತಿದ ಕಾರ್ಡನ್ನು ತೆಗೆದು ಸ್ಟೋರಿನ ಕಿಟಕಿಯ ಮೊಳೆಗೆ ಸಿಕ್ಕಿಸುತ್ತಾನೆ, ಹಿಂದಿನ ಬಿನ್ ಮುಂದಕ್ಕೆ ಎಳೆದುಕೊಳ್ಳುತ್ತಾನೆ. ಮೊಳೆಗೆ ಕಾರ್ಡ್ ಬೀಳದೆ ಸ್ಟೋರಿನವರು ಒಂದು ತುಂಡನ್ನೂ ಕತ್ತರಿಸುವುದಿಲ್ಲ.

ಇದೇ ಕಾನ್‌ಬಾನ್, ಕಾರ್ಡ್ ಬಂದರೆ ಮಾತ್ರ ಮಾಲು ಮಾಡುವ ಜಪಾನಿನ ಪದ್ಧತಿ. ಈ ಹೆಸರನ್ನು ನಾನು ಮೊದಲು ಕೇಳಿದ್ದು ಪುಣೆಯ ಐಟಿ ಪ್ರದೇಶ ಹಿಂಜೇವಾಡಿಯ ಎಸಿ ಕೋಣೆಯಲ್ಲಿ, ಬಣ್ಣದ ಚೀಟಿಗಳ ಬೋರ್ಡಿನ ಮುಂದೆ. ಪುಣೆಗೆ ಈ ವಿಚಾರ ಎರಡು ದಾರಿಯಿಂದ ಬಂದಿದೆ: ಪಿಂಪ್ರಿ-ಚಿಂಚವಾಡದ ವಾಹನ ಕಾರ್ಖಾನೆಗಳಿಂದ, ಆಮೇಲೆ ಸಾಫ್ಟ್‌ವೇರ್ ಕಂಪನಿಗಳಿಂದ. ಸ್ವಂತ ದುಡ್ಡು ಹಾಕಿ ಸಾಫ್ಟ್‌ವೇರ್ ವ್ಯವಹಾರ ಕಟ್ಟುವವರು ಮೊದಲನೆಯ ದಾರಿಯನ್ನೇ ಹಿಡಿದು ಹಿಂದಕ್ಕೆ ಹೋಗಿ ನೋಡಬೇಕು ಎಂಬುದು ನನ್ನ ನಂಬಿಕೆ.

ಆ ದಾರಿ ಮಗ್ಗದವರೆಗೆ ಹೋಗುತ್ತದೆ. ಜಪಾನಿನ ಸಕಿಚಿ ಟೊಯೊಡಾ 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗ, ನೂಲು ಹರಿದರೆ ತಾನಾಗಿ ನಿಲ್ಲುತ್ತಿತ್ತು. ಬನಹಟ್ಟಿಯ ಮಗ್ಗಗಳ ಸದ್ದಿನಲ್ಲಿ ಬೆಳೆದ ನನಗೆ ಇದರ ಬೆಲೆಯನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಹಾಸಿನ ಒಂದು ಎಳೆ ಹರಿದದ್ದು ಕಣ್ತಪ್ಪಿದರೆ ಸೀರೆಯುದ್ದಕ್ಕೂ ಗೆರೆ ಬೀಳುತ್ತದೆ, ವ್ಯಾಪಾರಿ ಅದನ್ನು ಬೇರೆ ತೆಗೆದಿಡುತ್ತಾನೆ.

ಸಕಿಚಿಯ ಮಗ ಕಿಚಿರೊ ಟೊಯೊಟಾ ಕಾರು ಕಂಪನಿ ಕಟ್ಟಿದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ದೇಶದಲ್ಲಿ ಹಣದ ಬಿಗಿ. 1950ರ ಹೊತ್ತಿಗೆ ಟೊಯೊಟಾ ದಿವಾಳಿಯ ಅಂಚಿಗೆ ಬಂತು. ಬ್ಯಾಂಕುಗಳ ಷರತ್ತು, ಮುಷ್ಕರ. 1,600ಕ್ಕೂ ಹೆಚ್ಚು ಕಾರ್ಮಿಕರು ಕೆಲಸ ಬಿಡಬೇಕಾಯಿತು, ಕಿಚಿರೊ ತಾವೂ ರಾಜೀನಾಮೆ ಕೊಟ್ಟರು. ಟೊಯೊಟಾದ ಎಂಜಿನಿಯರ್ ತಯಿಚಿ ಓನೊ ಅವರ ಉತ್ಪಾದನಾ ಪದ್ಧತಿ ಬೆಳೆದದ್ದು ಇಂಥ ಬರಗಾಲದಲ್ಲಿ. ಮಾರಾಟವಾಗದ ಮಾಲು ಗೋದಾಮಿನಲ್ಲಿ ಕೂತರೆ ಅದು ಕಟ್ಟಿಹಾಕಿದ ಹಣ. ಆ ಹಣ ಅವರ ಬಳಿ ಇರಲಿಲ್ಲ. ಓನೊ ಗುರುತಿಸಿದ 7 ಬಗೆಯ ಪೋಲುಗಳಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಅತಿ ಉತ್ಪಾದನೆ. ಬೇಕಾದಷ್ಟನ್ನು ಬೇಕಾದಾಗ ಮಾಡಬೇಕು, ಕಾರ್ಡ್ ಬಂದ ಮೇಲೆಯೇ ಮಾಡಬೇಕು. ಇದಕ್ಕೆ ‘ಲೀನ್’ (ಕೊಬ್ಬಿಲ್ಲದ್ದು) ಎಂಬ ಹೆಸರನ್ನು ಕೊಟ್ಟದ್ದು 1988ರಲ್ಲಿ, ಅಮೆರಿಕದ ಜಾನ್ ಕ್ರಾಫ್ಸಿಕ್. ಹೆಸರು ಬರುವ ಹೊತ್ತಿಗೆ ಕಷ್ಟದ ನೆನಪು ಹಳೆಯದಾಗಿತ್ತು, ಉಳಿದದ್ದು ಪದ್ಧತಿ.

ಸಾಫ್ಟ್‌ವೇರಿನವರ ಅಸಮಾಧಾನ ಬೇರೆ ಇತ್ತು. ಮೊದಲೇ ಎಲ್ಲವನ್ನೂ ದಪ್ಪ ದಾಖಲೆಯಲ್ಲಿ ಬರೆದು, ತಿಂಗಳುಗಟ್ಟಲೆ ಕೋಡ್ ಮಾಡಿ ಕೊಟ್ಟಾಗ ಗಿರಾಕಿಯ ಅಗತ್ಯವೇ ಬದಲಾಗಿರುತ್ತಿತ್ತು. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ 17 ಜನ ಸೇರಿ ಅಜೈಲ್, ಅಂದರೆ ಚುರುಕಾದ, ಸಾಫ್ಟ್‌ವೇರ್ ವಿಧಾನದ ಪ್ರಣಾಳಿಕೆ ಬರೆದರು. ದಾಖಲೆಗಿಂತ ನಡೆಯುವ ಸಾಫ್ಟ್‌ವೇರ್ ಮೇಲು, ಯೋಜನೆಗೆ ಅಂಟಿಕೊಳ್ಳುವುದಕ್ಕಿಂತ ಬದಲಾವಣೆಗೆ ಒಗ್ಗುವುದು ಮೇಲು ಎಂದರು. ಮಾಡದೆ ಬಿಟ್ಟ ಕೆಲಸವನ್ನು ಹೆಚ್ಚಿಸುವುದೂ ಒಂದು ಕಲೆ ಎಂಬ ಮಾತು ಅವರ 12 ತತ್ವಗಳಲ್ಲಿದೆ. ನನಗೆ ಅತಿ ಪ್ರಿಯವಾದದ್ದು ಅದು.

ಮುಂದೆ ‘ಲೀನ್ ಸ್ಟಾರ್ಟಪ್’ ವಿಧಾನದ ಅಮೆರಿಕದ ಎರಿಕ್ ರೀಸ್ ಲೀನ್, ಅಜೈಲ್ ಎರಡನ್ನೂ ಬೆಸೆದರು. ತಿಂಗಳುಗಟ್ಟಲೆ ದುಡಿದು ಬರೆದ ಕೋಡನ್ನು ಗಿರಾಕಿಗಳು ಮುಟ್ಟದಿದ್ದಾಗ ಎಸೆಯಬೇಕಾಗಿ ಬಂದ ಅನುಭವ ಅವರದು. ಆದರೆ ಅವರ ಮಾತು ಹೆಚ್ಚು ಹರಡಿದ್ದು ಹೂಡಿಕೆದಾರರ ಹಣದಲ್ಲಿ ನಡೆಯುವ ಕಂಪನಿಗಳಲ್ಲಿ. ಪುಣೆಯ ನಾವು ಅಜೈಲ್ ಕಲಿತದ್ದು ಗಂಟೆಯ ಲೆಕ್ಕದಲ್ಲಿ ವಿದೇಶಿ ಗಿರಾಕಿಗೆ ಬಿಲ್ ಮಾಡುವ ಕೆಲಸಗಳಲ್ಲಿ. ಬೆಳಿಗ್ಗೆ ನಿಂತು ಮಾಡುವ ಮೀಟಿಂಗ್, ಸ್ಪ್ರಿಂಟ್ ಎಂಬ ಎರಡು ವಾರದ ಕೆಲಸದ ಕಂತು ಎಲ್ಲ ಇತ್ತು. ಮಾಡಿದ್ದು ಯಾರಿಗೂ ಬೇಡವಾದರೂ ತಿಂಗಳ ಕೊನೆಗೆ ಸಂಬಳ ಬರುತ್ತಿತ್ತು. ಹೀಗಾಗಿ ಆಚರಣೆ ಕೈಗೆ ಹತ್ತಿತು, ಅದರ ಹಿಂದಿನ ಹಸಿವು ಗೊತ್ತಾಗಲಿಲ್ಲ.

ಗೊತ್ತಾದದ್ದು ಕೆಲಸ ಬಿಟ್ಟ ಮೇಲೆ. ಗೆಳೆಯನೂ ನಾನೂ ಉಳಿತಾಯದ ಹಣ ಹಾಕಿ ಸಣ್ಣ ವರ್ಕ್‌ಶಾಪ್‌ಗಳಿಗೆ ಸಾಫ್ಟ್‌ವೇರ್ ಮಾಡಲು ಕೂತೆವು. ಐದು ತಿಂಗಳು ಉತ್ಪಾದನಾ ಯೋಜನೆಯ ಗ್ರಾಫು, ವರದಿ, ಬಣ್ಣಬಣ್ಣದ ಚಾರ್ಟುಗಳನ್ನು ಕಟ್ಟಿದೆವು. ಪ್ರತಿ ಎರಡು ವಾರಕ್ಕೆ ಸ್ಪ್ರಿಂಟ್ ತಪ್ಪದೆ ಮುಗಿಯುತ್ತಿತ್ತು. ಭೋಸರಿಯ ಯಜಮಾನರು ಸಮಾಧಾನದಿಂದ ಎಲ್ಲ ನೋಡಿ, ಮೇಜಿನ ಖಾನೆಯಿಂದ ಉದ್ದನೆಯ ರಿಜಿಸ್ಟರ್ ತೆಗೆದರು.

“ಇದೆಲ್ಲಾ ಚಲೋ ಐತಿ ತಮ್ಮಾ. ನನ್ನ ಮಾಲು ಪ್ಲೇಟಿಂಗಿಗೆ ಎಷ್ಟು ಹೋಗೇತಿ, ಎಷ್ಟು ಹೊಳ್ಳಿ ಬಂದೈತಿ, ಅಷ್ಟ ಹೇಳ್ತೈತೇನು?”

ಹೇಳುತ್ತಿರಲಿಲ್ಲ. ಲೋಹದ ಲೇಪ ಹಾಕಿಸುವ ಪ್ಲೇಟಿಂಗಿನಂಥ ಕೆಲಸವನ್ನು ಹೊರಗೆ ಮಾಡಿಸುವುದು ಜಾಬ್‌ವರ್ಕ್. ಜಿಎಸ್‌ಟಿ ಕಾನೂನಿನಂತೆ ಜಾಬ್‌ವರ್ಕಿಗೆ ಚಲನ್ (ಮಾಲು ಕಳಿಸುವ ಚೀಟಿ) ಮೇಲೆ ಕಳಿಸಿದ ಕಚ್ಚಾ ಮಾಲು ಒಂದು ವರ್ಷದೊಳಗೆ ತಿರುಗಿ ಬರಬೇಕು, ಇಲ್ಲವೇ ಅಲ್ಲಿಂದಲೇ ಮಾರಾಟವಾಗಬೇಕು. ತಪ್ಪಿದರೆ ಕಳಿಸಿದ ದಿನವೇ ಮಾರಿದಂತೆ ಲೆಕ್ಕವಾಗಿ ತೆರಿಗೆ ಬೀಳುತ್ತದೆ. ಐನೂರು ಪಿನ್ನು ಹೋಗಿ ನಾಲ್ಕುನೂರ ಎಂಬತ್ತು ಬಂದರೆ ಉಳಿದ ಇಪ್ಪತ್ತು ಯಾವ ಚಲನ್ನಿನವು ಎಂದು ಹುಡುಕುತ್ತ ಅವರ ಭಾನುವಾರಗಳು ಕಳೆಯುತ್ತಿದ್ದವು. ನಮ್ಮ ಐದು ತಿಂಗಳ ಕೋಡು ಮಾತ್ರ ಗೋದಾಮಿನಲ್ಲಿ ಕೂತ, ಮಾರಾಟವಾಗದ ಮಾಲು.

ಚಲನ್ ನಮೂದಿಸುವ ಒಂದು ಪರದೆ, ಬಾಕಿ ಮಾಲಿನ ಒಂದು ಪಟ್ಟಿ, ಎಷ್ಟು ದಿನವಾಯಿತು ಎಂಬ ಒಂದು ಕಾಲಂ. ಒಂಬತ್ತು ದಿನ ಹಿಡಿಯಿತು. ಮೊದಲ ಮೂರು ತಿಂಗಳ ಹಣ ಮುಂಗಡ ಕೇಳಿದೆವು, ಕೊಟ್ಟರು. ಕೇಳುವಾಗ ನನಗೆ ಗಂಟಲು ಒಣಗಿತ್ತು. ಆದರೆ ಗಿರಾಕಿಗೆ ನಿಜವಾಗಿ ಬೇಕೋ ಬೇಡವೋ ಎಂಬುದಕ್ಕೆ ಅಷ್ಟು ಸ್ಪಷ್ಟವಾದ ಉತ್ತರ ಬೇರೆ ಯಾವ ಸಮೀಕ್ಷೆಯಿಂದಲೂ ಸಿಗಲಾರದು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ನಷ್ಟ ಮಾಡುತ್ತದೆ. ಚಿಕ್ಕದಾಗಿ ಮಾಡು ಎಂದರೆ ಹೇಗೋ ಮಾಡು ಎಂದಲ್ಲ. ವರದಿ ಒಂದು ಇಲ್ಲದಿದ್ದರೆ ಯಜಮಾನರು ತಾಳುತ್ತಾರೆ. ಲೆಕ್ಕ ತಪ್ಪಿದರೆ ದಂಡ ಅವರ ತಲೆಗೆ ಬರುತ್ತದೆ. ಆದ್ದರಿಂದ ಕಳಿಸಿದ್ದಕ್ಕಿಂತ ಹೆಚ್ಚು ಮಾಲು ವಾಪಸ್ ಬಂದಂತೆ ಯಾರಾದರೂ ನಮೂದಿಸಿದರೆ ನಮ್ಮ ಪರದೆ ಅಲ್ಲಿಗೇ ನಿಲ್ಲುತ್ತದೆ, ಸರಿಪಡಿಸುವವರೆಗೆ ಮುಂದಿನ ಚಲನ್ ಆಗುವುದಿಲ್ಲ. ಮೊದಮೊದಲು ಸ್ಟೋರಿನ ಹುಡುಗರು ಗೊಣಗಿದರು. ಸಕಿಚಿಯ ಮಗ್ಗದ ಕಥೆ ಹೇಳಿದಾಗ, ರಬಕವಿಯ ಹುಡುಗನೊಬ್ಬ “ಎಳಿ ಹರದಂಗ ಅಲ್ರೀ?” ಎಂದು ತಾನೇ ಉಳಿದವರಿಗೆ ತಿಳಿಸಿಕೊಟ್ಟ.

ಹೊರಗಿನ ಹೂಡಿಕೆ ಇಲ್ಲದೆ 1996ರಿಂದ ಬೆಳೆದ ಸಾಫ್ಟ್‌ವೇರ್ ಕಂಪನಿ ಜೊಹೊ, 2010ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಷೇರು ದಲ್ಲಾಳಿ ಕಂಪನಿ ಜೆರೋಧ ನಮ್ಮ ಕಣ್ಣ ಮುಂದಿವೆ. ಅಷ್ಟು ದೂರ ನಾವು ಹೋಗುತ್ತೇವೋ ಇಲ್ಲವೋ, ಈಗ ನಮ್ಮ ಕೋಣೆಯ ಬಾಗಿಲ ಹಿಂದೆಯೂ ಒಂದು ಮೊಳೆ ಇದೆ. ದುಡ್ಡು ಕೊಡುವ ಗಿರಾಕಿ ಒಬ್ಬರಾದರೂ ಕೇಳಿದ ಮೇಲೆಯೇ ಅದಕ್ಕೆ ಕಾರ್ಡ್ ಬೀಳುತ್ತದೆ. ಈ ವಾರ ಅದರಲ್ಲಿರುವುದು ಒಂದೇ ಕಾರ್ಡ್: ಹತ್ತು ತಿಂಗಳು ದಾಟಿದ ಚಲನ್‌ಗಳನ್ನು ಕೆಂಪು ಬಣ್ಣದಲ್ಲಿ ತೋರಿಸಬೇಕು.