ಸುಳಿಯೊಂದೇ ಆಧಾರ: ಮನೆಯಂಗಳದ ಅಪರೂಪದ ಪಾಮ್‌ಗಳ ಬಗ್ಗೆ ಅಧ್ಯಯನ ಟಿಪ್ಪಣಿ

ನರ್ಸರಿಯವರು ‘ಇದು ಅಪರೂಪದ ಪಾಮ್’ ಎಂದು ಮೂರು ಪಟ್ಟು ಬೆಲೆ ಹೇಳುವಾಗ ನಮ್ಮ ಕಣ್ಣು ಗರಿಗಳ ಮೇಲಿರುತ್ತದೆ. ನೋಡಬೇಕಾದದ್ದು ಸುಳಿಯನ್ನು, ಅಂದರೆ ನೆತ್ತಿಯಲ್ಲಿ ಹೊಸ ಗರಿ ಮೂಡುವ ಎಳೆಯ ಭಾಗವನ್ನು. ತೆಂಗು, ಅಡಿಕೆ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಗುಲಾಬಿ, ಮಾವು, ಸೀಬೆ ಬೆಳೆಸಿ ಆಮೇಲೆ ಪಾಮ್‌ಗೆ ಕೈ ಹಾಕಿದವರು ಮಾತ್ರ ಇಲ್ಲೇ ಎಡವುತ್ತಾರೆ. ಆದ್ದರಿಂದ ಟಿಪ್ಪಣಿಯನ್ನು ಗಿಡದ ಒಳರಚನೆಯಿಂದಲೇ ಆರಂಭಿಸುತ್ತೇನೆ. ಮುಂದಿನ ಸಲಹೆಗಳೆಲ್ಲ ಅದರಿಂದಲೇ ಹುಟ್ಟುತ್ತವೆ.

ಒಳರಚನೆ

ಪಾಮ್‌ಗಳು ಏಕದಳ ಸಸ್ಯಗಳು. ಅರೆಕೇಸಿ ಕುಟುಂಬದಲ್ಲಿ ಸುಮಾರು 2,600 ಪ್ರಭೇದಗಳಿವೆ. ಒಂಟಿ ಕಾಂಡದ ಪಾಮ್‌ಗೆ ಬೆಳೆಯುವ ಮೊಗ್ಗು ಒಂದೇ. ಅದು ನೆತ್ತಿಯಲ್ಲಿ, ಎಳೆಯ ಗರಿಗಳ ಬುಡದೊಳಗೆ ಅಡಗಿರುತ್ತದೆ. ನುಗ್ಗೆಯ ತಲೆ ಕಡಿದರೆ ನಾಲ್ಕು ಕವಲು ಬರುತ್ತವೆ. ಪಾಮ್‌ನ ತಲೆ ಕಡಿದರೆ ಮರವೇ ಹೋಯಿತು. ಬುಡದಿಂದ ಮರಿ ಒಡೆಯುವ ಹಿಂಡು ಪಾಮ್‌ಗಳಲ್ಲಿ ಒಂದು ಕಾಂಡ ಸತ್ತರೂ ಹಿಂಡು ಉಳಿಯುತ್ತದೆ. ಹೊಸಬರು ಇಂಥವುಗಳಿಂದ ಶುರು ಮಾಡುವುದು ಕ್ಷೇಮ.

ಎರಡನೆಯ ಸಂಗತಿ, ಪಾಮ್ ಕಾಂಡದಲ್ಲಿ ಕ್ಯಾಂಬಿಯಂ, ಅಂದರೆ ತೊಗಟೆಯಡಿಯಲ್ಲಿದ್ದು ಕಾಂಡವನ್ನು ದಪ್ಪವಾಗಿಸುವ ಬೆಳವಣಿಗೆಯ ಪದರ, ಇಲ್ಲ. ಬೇವು, ಹಲಸಿನ ಮರಗಳಿಗೆ ಗಾಯವಾದರೆ ಸುತ್ತಲಿನಿಂದ ಹೊಸ ತೊಗಟೆ ಬೆಳೆದು ಮುಚ್ಚಿಕೊಳ್ಳುತ್ತದೆ. ಪಾಮ್‌ನ ಗಾಯ ಹಾಗೆ ಮಾಯುವುದಿಲ್ಲ. ಹತ್ತುವುದಕ್ಕೆಂದು ಹಿಂದೆ ಮೆಟ್ಟಿಲು ಕೊಚ್ಚಿದ ತೆಂಗಿನ ಮರ ಎಲ್ಲಾದರೂ ಇದ್ದರೆ ಹತ್ತಿರ ಹೋಗಿ ನೋಡಿ. ಕಚ್ಚುಗಳ ಅಂಚು ಕಪ್ಪಾಗಿ ಒಣಗಿರುತ್ತದೆ, ತುಂಬಿಕೊಂಡಿರುವುದಿಲ್ಲ. ಅಡಿಕೆ ತೋಟದಲ್ಲಿ ನೈಋತ್ಯದ ಬಿಸಿಲು ಬೀಳುವ ಕಡೆ ಕಾಂಡ ಬೆಂದು ಸೀಳುತ್ತದಲ್ಲ, ಅದೂ ಇದೇ ಕಥೆ. ಸಾಲುಗಳನ್ನು ಉತ್ತರ-ದಕ್ಷಿಣ ರೇಖೆಯಿಂದ 35 ಡಿಗ್ರಿ ಪಶ್ಚಿಮಕ್ಕೆ ವಾಲಿಸಿ ನೆಡಬೇಕೆಂಬ ಶಿಫಾರಸು ಬಂದಿರುವುದು ಬಿಸಿಲಿನ ಈ ಪೆಟ್ಟನ್ನು ತಪ್ಪಿಸಲಿಕ್ಕೆ. ನೆರಳಿನಲ್ಲಿ ಬೆಳೆದ ಪಾಮನ್ನು ಏಕಾಏಕಿ ಮನೆಯ ಪಶ್ಚಿಮ ಗೋಡೆಯ ಪಕ್ಕ ನೆಡುವ ಮುನ್ನ ಇದು ನೆನಪಿರಲಿ.

ಮೂರನೆಯದನ್ನು ಬಹಳ ಜನ ರೋಗವೆಂದೇ ತಿಳಿಯುತ್ತಾರೆ. ಕ್ಯಾಂಬಿಯಂ ಇಲ್ಲದ್ದರಿಂದ ಮೇಲೇರಿದ ಮೇಲೆ ಕಾಂಡ ಮಾವಿನ ಮರದಂತೆ ವರ್ಷ ವರ್ಷ ದಪ್ಪವಾಗುತ್ತ ಹೋಗಲಾರದು. ಹಾಗಾಗಿ ಹೆಚ್ಚಿನ ಪಾಮ್‌ಗಳು ಮೊದಲು ನೆಲಮಟ್ಟದಲ್ಲೇ ಬುಡದ ಅಗಲವನ್ನು ಕಟ್ಟಿಕೊಂಡು, ಆಮೇಲೆ ಎತ್ತರಕ್ಕೆ ಏಳುತ್ತವೆ. ತಾಳೆ, ಬಿಸ್ಮಾರ್ಕಿಯಾ, ಶ್ರೀತಾಳೆಯಂಥ ದಪ್ಪ ಕಾಂಡದವು ವರ್ಷಗಟ್ಟಲೆ ಕಾಂಡವನ್ನೇ ತೋರಿಸದೆ ಗರಿಗಳನ್ನಷ್ಟೇ ಬಿಡುತ್ತಿರುತ್ತವೆ. ‘ಗಿಡ ಏಳುತ್ತಲೇ ಇಲ್ಲ’ ಎಂದು ಯೂರಿಯಾ ಸುರಿಯುವವರಿದ್ದಾರೆ. ಹೊಸ ಗರಿ ಹಿಂದಿನದಕ್ಕಿಂತ ತುಸು ದೊಡ್ಡದಾಗಿ ಬರುತ್ತಿದೆಯೇ ಎಂದು ನೋಡಿದರೆ ಸಾಕು. ಬರುತ್ತಿದ್ದರೆ ಗಿಡಕ್ಕೆ ಏನೂ ಆಗಿಲ್ಲ.

ಅಪರೂಪ ಎಂದರೆ ಎಲ್ಲಿ ಅಪರೂಪ?

ಫಾಕ್ಸ್‌ಟೇಲ್ ಪಾಮ್, ಅಂದರೆ ವೊಡಿಯೇಟಿಯಾ ಬೈಫರ್ಕೇಟಾ, ಆಸ್ಟ್ರೇಲಿಯಾದ ಕೇಪ್ ಮೆಲ್ವಿಲ್‌ನ ಗ್ರಾನೈಟ್ ಬಂಡೆಗಳ ನಡುವೆ ಮಾತ್ರ ಕಾಡುಗಿಡವಾಗಿ ಬೆಳೆಯುತ್ತದೆ. ಸಸ್ಯಶಾಸ್ತ್ರ ಅದಕ್ಕೆ ಹೆಸರಿಟ್ಟದ್ದೇ 1983ರಲ್ಲಿ. ಈಗ ಬೆಂಗಳೂರಿನ ಯಾವ ಹೊಸ ಬಡಾವಣೆಯ ಹೆಬ್ಬಾಗಿಲಿಗೆ ಹೋದರೂ ಅದು ಸಾಲಾಗಿ ನಿಂತಿರುತ್ತದೆ. ಬಾಟಲ್ ಪಾಮ್‌ನ ತವರು ಮಾರಿಷಸ್ ಬಳಿಯ ರೌಂಡ್ ದ್ವೀಪ. ಅಲ್ಲಿ ಅದು ಅಳಿವಿನಂಚಿಗೆ ಬಂದಿದೆ, ಜಗತ್ತಿನ ಉದ್ಯಾನಗಳಲ್ಲಿ ಬೇಕಾದಷ್ಟಿದೆ. ನಾವು ‘ಅರೆಕಾ ಪಾಮ್’ ಎಂದು ವರಾಂಡದಲ್ಲಿ ಇಟ್ಟುಕೊಳ್ಳುವ ಗಿಡ ಅಡಿಕೆಯ ಕುಲದ್ದಲ್ಲ, ಮಡಗಾಸ್ಕರ್‌ನ ಕ್ರಿಸಾಲಿಡೋಕಾರ್ಪಸ್ ಲುಟೆಸೆನ್ಸ್.

ನಮ್ಮದೇ ಪಶ್ಚಿಮ ಘಟ್ಟದ ಪಾಮ್‌ಗಳು ಮಾತ್ರ ನರ್ಸರಿಗಳಲ್ಲಿ ಸಿಗುವುದೇ ಕಷ್ಟ. ಇದು ನನಗೆ ಎಂದೂ ಅರ್ಥವಾಗದ ವ್ಯಾಪಾರ. ಪಿನಾಂಗಾ ಡಿಕ್ಸೋನಿಯೈ ಎಂಬ, ಅಡಿಕೆಯ ಹತ್ತಿರದ ನೆಂಟ ಘಟ್ಟದ ನಿತ್ಯಹರಿದ್ವರ್ಣ ಕಾಡಿನ ಕೆಳನೆರಳಿನಲ್ಲಿ ಹಿಂಡುಹಿಂಡಾಗಿ ಬೆಳೆಯುತ್ತದೆ. ಬಿದಿರಿನಂತೆ ಗಂಟುಗಂಟಾದ, ಮುಷ್ಟಿಯಲ್ಲಿ ಹಿಡಿಯಬಹುದಾದ ಸಣಕಲು ಹಸಿರು ಕಾಂಡ. ಎರಡಾಳೆತ್ತರ ದಾಟಿದರೆ ಹೆಚ್ಚು. ಕಾಯಿ ಕಟ್ಟುವ ಹೊತ್ತಿಗೆ ಕೆಂಪೇರುವ ಗೊಂಚಲಿನ ಕವಲು. ಮಲೆನಾಡಿನ, ಕರಾವಳಿಯ ಮನೆಗೆ ಇದಕ್ಕಿಂತ ಒಪ್ಪುವ ಸಣ್ಣ ಪಾಮ್ ನನಗೆ ಗೊತ್ತಿಲ್ಲ. ಜಾಗ ಹೆಚ್ಚಿದ್ದವರಿಗೆ ಘಟ್ಟದ ಇನ್ನೊಂದು ಹಿಂಡು ಪಾಮ್ ಅರೆಂಗಾ ವೈಟಿಯೈ ಇದೆ. ಅದರ ಗರಿಯ ಅಡಿಭಾಗ ಬೆಳ್ಳಗೆ ಹೊಳೆಯುತ್ತದೆ. ಇವೆರಡನ್ನೂ ಕಾಡಿನಿಂದ ಕಿತ್ತು ತರುವ ಯೋಚನೆ ಬೇಡ; ಮೀಸಲು ಅರಣ್ಯದಿಂದ ಗಿಡ ಕೀಳುವುದು ಅಪರಾಧ, ಮೇಲಾಗಿ ಹಾಗೆ ಕಿತ್ತದ್ದು ಬದುಕುವುದೂ ಕಡಿಮೆ. ಬೆಳೆಸಿರುವವರ ತೋಟದಿಂದ ಬೀಜ ಕೇಳಿ ಪಡೆಯಿರಿ.

ಒಂದು ಎಚ್ಚರಿಕೆ: ಸಾಗೋ ಪಾಮ್ ಎಂದು ಮಾರುವುದು ಸೈಕಾಸ್, ಟ್ರಾವೆಲರ್ಸ್ ಪಾಮ್ ಎಂಬುದು ರಾವೆನಾಲಾ. ಎರಡೂ ಪಾಮ್‌ಗಳಲ್ಲ, ಈ ಟಿಪ್ಪಣಿ ಅವಕ್ಕೆ ಅನ್ವಯಿಸುವುದಿಲ್ಲ.

ತವರು ನೋಡಿ ಊರು ಆರಿಸಿ

ಗಿಡದ ಹೆಸರು ತಿಳಿದೊಡನೆ ಅದರ ತವರಿನ ಮಳೆ, ಚಳಿ, ನೆರಳು ಹೇಗಿರುತ್ತವೆ ಎಂದು ಹುಡುಕಿ. ಕೆಂಪು ಕಾಂಡದ ಲಿಪ್‌ಸ್ಟಿಕ್ ಪಾಮ್ (ಸಿರ್ಟೋಸ್ಟಾಕಿಸ್ ರೆಂಡಾ) ಮಲಯ ಪರ್ಯಾಯ ದ್ವೀಪ, ಸುಮಾತ್ರಾ, ಬೋರ್ನಿಯೊಗಳ ಜೌಗು ಕಾಡಿನದು. ಬೇರು ನೀರಿನಲ್ಲಿದ್ದರೂ ಸಹಿಸುತ್ತದೆ, ಒಣಗಾಳಿಯನ್ನು ಸಹಿಸುವುದಿಲ್ಲ. ಮಂಗಳೂರು, ಕುಮಟೆಯಲ್ಲಿ ಅದು ನೆಮ್ಮದಿಯಾಗಿರುತ್ತದೆ. ಬೆಂಗಳೂರಿನಲ್ಲಿ ಜನವರಿಯ ಚಳಿ ದಾಟಿದರೂ ಮಾರ್ಚ್‌ನ ಒಣ ಹವೆಗೆ ಗರಿಯ ತುದಿಗಳು ಸುಟ್ಟಂತಾಗುತ್ತವೆ. ವನುವಾಟು, ಸೊಲೊಮನ್ ದ್ವೀಪಗಳ ಲಿಕುವಾಲಾ ಗ್ರಾಂಡಿಸ್‌ಗೆ ಬೀಸಣಿಗೆಯಂಥ ಅಖಂಡ ಎಲೆ; ಗಾಳಿ ಹೊಡೆದರೆ ಅದು ಹರಿದು ಚಿಂದಿ. ಗೋಡೆಯ ಮರೆ, ಮರದ ನೆರಳು ಎರಡೂ ಬೇಕು.

ಬಳ್ಳಾರಿ, ಕಲಬುರಗಿಯ ಬಿಸಿಲಿಗೆ ಮಡಗಾಸ್ಕರ್‌ನ ಒಣ ಪ್ರದೇಶದವು ಒಗ್ಗುತ್ತವೆ: ಬೆಳ್ಳಿ ಬಣ್ಣದ ಬಿಸ್ಮಾರ್ಕಿಯಾ, ಗರಿಯ ಬುಡಗಳು ಮೂರು ಸಾಲಾಗಿ ನಿಲ್ಲುವ ಟ್ರಯಾಂಗಲ್ ಪಾಮ್. ಎರೆ ಮಣ್ಣಿನಲ್ಲಿ ಮಾತ್ರ ನೇರ ಗುಂಡಿಗೆ ಇಳಿಸಬೇಡಿ. ಮಳೆಗಾಲದಲ್ಲಿ ಗುಂಡಿ ತೊಟ್ಟಿಯಾಗುತ್ತದೆ. ಮರಳು ಬೆರೆಸಿದ ಮಣ್ಣಿನ ದಿಬ್ಬ ಮಾಡಿ ಅದರ ಮೇಲೆ ನೆಡಿ. ಬಿಸ್ಮಾರ್ಕಿಯಾ ಸಣ್ಣ ಕುಂಡದಲ್ಲಿ ಮುದ್ದಾಗಿ ಕಾಣುತ್ತದೆ, ಬಲಿತ ಮೇಲೆ ಗರಿಗಳ ಹರವು ಎರಡು ಕಾರು ನಿಲ್ಲುವಷ್ಟು ಜಾಗ ಕೇಳುತ್ತದೆ. 30×40 ಅಡಿ ನಿವೇಶನದವರು ಆಸೆ ಬಿಡುವುದು ಒಳ್ಳೆಯದು.

ಬೀಜದಿಂದ ಬೆಳೆಸುವುದು

ಅಪರೂಪದ ಪಾಮ್ ಹೆಚ್ಚಾಗಿ ಬೀಜದಿಂದಲೇ ಬರಬೇಕು. ಮಳೆಕಾಡಿನ ಪ್ರಭೇದಗಳ ಬೀಜ ಒಣಗಿದರೆ ಸಾಯುತ್ತದೆ. ಅಡಿಕೆಯವರು ಬಿತ್ತನೆಗೆ ಆಯ್ದ ಹಣ್ಣನ್ನು ಒಣಗಿಸಿಡದೆ, ಕೊಯ್ದ ಕೆಲವೇ ದಿನಗಳಲ್ಲಿ, ತೊಟ್ಟು ಮೇಲಾಗಿ ಮರಳಿನಲ್ಲಿ ಹೂಳುತ್ತಾರಲ್ಲ, ಪಿನಾಂಗಾಕ್ಕೂ ಅದೇ ಆತುರ ಇರಲಿ. ದೂರದಿಂದ ತರಿಸಿದ ಬೀಜವಾದರೆ ಒಂದನ್ನು ಬಲಿಕೊಟ್ಟು ಕತ್ತರಿಸಿ ನೋಡಿ. ಒಳಗಿನ ತಿರುಳು ಗಟ್ಟಿಯಾಗಿ, ಭ್ರೂಣ ಮಾಸಲಿಲ್ಲದೆ ತುಂಬಿಕೊಂಡಿರಬೇಕು. ನೀರಿನಲ್ಲಿ ಮುಳುಗಿದ್ದು ಒಳ್ಳೆಯದು, ತೇಲಿದ್ದು ಕೆಟ್ಟದ್ದು ಎಂಬ ಪರೀಕ್ಷೆಯನ್ನು ಎಲ್ಲ ಪಾಮ್‌ಗಳಿಗೂ ನಂಬುವಂತಿಲ್ಲ.

ಹಣ್ಣಿನ ತಿರುಳನ್ನು ಪೂರ್ತಿ ತೆಗೆದು, ಬೀಜವನ್ನು ಎರಡು-ಮೂರು ದಿನ ದಿನಕ್ಕೊಮ್ಮೆ ನೀರು ಬದಲಿಸುತ್ತ ನೆನೆಹಾಕಿ. ಬೈನೆ (ಇದೂ ಒಂದು ಪಾಮ್) ಮತ್ತು ಅರೆಂಗಾ ಹಣ್ಣುಗಳ ಮಟ್ಟಿಗೆ ಬರಿಗೈ ಬೇಡ. ಅವುಗಳ ತಿರುಳಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿ ಹರಳುಗಳಿವೆ. ಮೊದಲು ಬೆರಳ ಸಂದಿಯಲ್ಲಿ ಚುರುಚುರು, ಆಮೇಲೆ ಉರಿ, ಅದೇ ಕೈಯಲ್ಲಿ ಕಣ್ಣುಜ್ಜಿದರೆ ಹೇಳುವುದೇ ಬೇಡ. ದಪ್ಪ ರಬ್ಬರ್ ಕೈಗವಸು ಹಾಕಿ, ಮರಳಿನಲ್ಲಿ ಉಜ್ಜಿ ತೊಳೆಯಿರಿ.

ಬಿತ್ತುವ ಮೊದಲು ಮೊಳಕೆಯ ಬಗೆ ತಿಳಿದಿರಬೇಕು. ಅಡಿಕೆ, ತೆಂಗು, ಪಿನಾಂಗಾಗಳಲ್ಲಿ ಸಸಿ ಬೀಜಕ್ಕೆ ಅಂಟಿಕೊಂಡೇ ಏಳುತ್ತದೆ. ಈಚಲು, ತಾಳೆ, ಶ್ರೀತಾಳೆ, ಬಿಸ್ಮಾರ್ಕಿಯಾಗಳಲ್ಲಿ ಬೀಜದಿಂದ ಒಂದು ಕೊಳವೆಯಂಥ ದಂಟು ಹೊರಟು, ನೆಲದೊಳಗೆ ಇಳಿದು, ಅಲ್ಲಿ ದೂರದಲ್ಲಿ ಸಸಿಯನ್ನು ಹುಟ್ಟಿಸುತ್ತದೆ. ಸೇಶೆಲ್ಸ್‌ನ ಜೋಡಿ ತೆಂಗಿನಲ್ಲಿ ಈ ದಂಟು ಹಲವು ಮೀಟರ್ ಓಡುತ್ತದೆ. ತಮಿಳುನಾಡಿನಲ್ಲಿ ಬೇಯಿಸಿ ತಿನ್ನುವ ತಾಳೆ ಗೆಡ್ಡೆ ಇದೇ ಮೊಳಕೆಯ ಊದಿದ ಭಾಗ. ಇಂಥ ಬೀಜವನ್ನು ಚಪ್ಪಟೆ ಟ್ರೇಯಲ್ಲಿ ಹಾಕಿದರೆ ದಂಟು ತಳ ಮುಟ್ಟಿ ಸುರುಳಿ ಸುತ್ತುತ್ತದೆ, ಬಿಡಿಸುವಾಗ ಮುರಿಯುತ್ತದೆ. ಎರಡಡಿ ಉದ್ದದ ಪಿವಿಸಿ ಪೈಪ್ ತುಂಡನ್ನು ಉದ್ದಕ್ಕೆ ಸೀಳಿ, ತಂತಿಯಿಂದ ಕಟ್ಟಿ, ಮರಳು ಮತ್ತು ತೆಂಗಿನ ನಾರಿನ ಪುಡಿ ತುಂಬಿ ಒಂದೊಂದೇ ಬೀಜ ಹಾಕಿ. ನೆಡುವ ದಿನ ತಂತಿ ಬಿಚ್ಚಿದರೆ ಬೇರಿಗೆ ನೋವಾಗುವುದಿಲ್ಲ.

ಮೊಳೆಯಲು 27ರಿಂದ 35 ಡಿಗ್ರಿ ಸೆಲ್ಸಿಯಸ್ ಬಿಸುಪು ಬೇಕು. ಮಲೆನಾಡಿನ ಮಳೆಗಾಲದಲ್ಲಿ ಅಷ್ಟು ಸಿಗದು. ಒದ್ದೆ ನಾರಿನ ಪುಡಿಯೊಂದಿಗೆ ಬೀಜವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲಿ ಇಡುವುದು ಸುಲಭದ ದಾರಿ. ಅಡಿಕೆ 40–90 ದಿನಕ್ಕೆ ಮೊಳೆತರೆ ಬಿಸ್ಮಾರ್ಕಿಯಾ, ಲಿಕುವಾಲಾಗಳು ತಿಂಗಳುಗಟ್ಟಲೆ ಕಾಯಿಸುತ್ತವೆ. ಮನೆಯವರು ‘ಕಸ’ ಎಂದು ಎಸೆಯದಂತೆ ಚೀಲದ ಮೇಲೆ ಹೆಸರು, ತಾರೀಖು ಬರೆಯಿರಿ.

ನೆಟ್ಟ ಮೇಲೆ

ಮುಂಗಾರಿನ ಆರಂಭದಲ್ಲಿ ನೆಡಿ. ಕುಂಡದಲ್ಲಿ ಇದ್ದಷ್ಟೇ ಆಳ ಸಾಕು, ಗಾಳಿಗೆ ಬೀಳದಿರಲೆಂದು ಬುಡ ಹೂತರೆ ಹೊಸ ಬೇರಿಗೆ ಉಸಿರು ಕಟ್ಟುತ್ತದೆ. ಹೊಸ ಮನೆಯ ಸುತ್ತಲಿನ ಮಣ್ಣಿನಲ್ಲಿ ಸಿಮೆಂಟ್, ಸುಣ್ಣದ ಚೂರುಗಳಿರುತ್ತವೆ, ಅದರ ಮೇಲೆ ಗಡಸು ಕೊಳವೆಬಾವಿ ನೀರು. ಇಂಥ ಕ್ಷಾರ ಮಣ್ಣಿನಲ್ಲಿ ಮ್ಯಾಂಗನೀಸ್ ಇದ್ದರೂ ಬೇರಿಗೆ ಸಿಗುವುದಿಲ್ಲ. ಹೊಸ ಗರಿಗಳು ಗಿಡ್ಡವಾಗಿ, ಸುರುಟಿ, ಬೆಂಕಿ ತಾಗಿದಂತೆ ಬರುತ್ತವೆ.

ಕೊರತೆ ಗುರುತಿಸಲು ಮೊದಲು ಕೇಳಬೇಕಾದದ್ದು ಹಳೆಯ ಗರಿಯೋ, ಹೊಸದೋ ಎಂದು. ಪೊಟ್ಯಾಶ್, ಮೆಗ್ನೀಸಿಯಂಗಳನ್ನು ಗಿಡ ಹಳೆಯ ಗರಿಯಿಂದ ಹೊಸದಕ್ಕೆ ಸಾಗಿಸಬಲ್ಲದು. ಅವುಗಳ ಕೊರತೆ ಕೆಳಗಿನ ಗರಿಯಲ್ಲಿ ಕಾಣುತ್ತದೆ. ಕಿತ್ತಳೆ-ಹಳದಿ ಚುಕ್ಕೆ, ಒಣಗಿದ ತುದಿಯಾದರೆ ಪೊಟ್ಯಾಶ್. ಅಂಚು ಹಳದಿಯಾಗಿ ನಡು ಹಸಿರಾಗಿ ಉಳಿದರೆ ಮೆಗ್ನೀಸಿಯಂ. ಮ್ಯಾಂಗನೀಸ್, ಕಬ್ಬಿಣ, ಬೋರಾನ್ ಹಾಗೆ ಸಾಗುವುದಿಲ್ಲ, ಕೊರತೆ ಸುಳಿಯ ಕಡೆ ಕಾಣುತ್ತದೆ. ಇದೇ ಕಾರಣಕ್ಕೆ ಹಳದಿಯಾದ ಗರಿಯನ್ನು ಅಂದಕ್ಕಾಗಿ ಕಡಿಯಬಾರದು. ಅದರಲ್ಲಿರುವ ಪೊಟ್ಯಾಶ್ ಗಿಡದ ಬುತ್ತಿ. ಪೂರ್ತಿ ಒಣಗಿದ್ದನ್ನು ಮಾತ್ರ ತೆಗೆಯಿರಿ. ಮಾಲಿಗಳು ಹಬ್ಬದ ಮುಂಚೆ ಪಾಮ್‌ಗಳನ್ನು ಪೊರಕೆಯಂತೆ ಸವರಿ ಹೋಗುವುದನ್ನು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಹಸಿ ಗಾಯದ ವಾಸನೆಗೆ ಕೆಂಪು ಮೂತಿ ಹುಳು ಬರುತ್ತದೆ ಎಂಬುದು ಇನ್ನೊಂದು ಕಾರಣ.

ಈ ಹುಳುವಿನ ಮರಿ ಒಳಗಿನಿಂದ ತಿನ್ನುತ್ತದೆ. ಕಾಂಡದ ತೂತಿನಿಂದ ಕಂದು ರಸ, ಜಗಿದ ನಾರು ಹೊರಬಂದರೆ ತಕ್ಷಣ ಗಮನಿಸಿ. ನೆತ್ತಿ ಜೋತ ಮೇಲೆ ಮಾಡುವುದೇನೂ ಉಳಿದಿರುವುದಿಲ್ಲ. ತಲೆಯ ಮೇಲೆ ಕೊಂಬಿರುವ ಕುರುವಾಯಿ ದುಂಬಿಯ ಗುರುತು ಗರಿಯಲ್ಲಿನ ತ್ರಿಕೋನ ಕತ್ತರಿ. ಅದು ಮೊಟ್ಟೆ ಇಡುವುದು ನಮ್ಮದೇ ಗೊಬ್ಬರ ಗುಂಡಿಯಲ್ಲಿ. ತೆಂಗಿನವರು ಮಾಡುವಂತೆ ಬೇವಿನ ಹಿಂಡಿಗೆ ಎರಡರಷ್ಟು ಮರಳು ಬೆರೆಸಿ ಗರಿಯ ಕಂಕುಳಿಗೆ ತುಂಬಿ. ಮಳೆ ಹಿಡಿಯುವ ಮುನ್ನ ಶೇ 1ರ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಬೆರೆಸಿದ ಶಿಲೀಂಧ್ರನಾಶಕ) ಸಿಂಪಡಿಸುವುದು ಸುಳಿ ಕೊಳೆಗೆ ತಡೆ. ಎಳೆಯ ಸುಳಿ ಗರಿ ಮಂಕಾಗಿದ್ದರೆ ಎರಡು ಬೆರಳಲ್ಲಿ ಮೆಲ್ಲಗೆ ಎಳೆದು ನೋಡಿ; ಕಿತ್ತು ಬಂದು ಬುಡ ನಾರುತ್ತಿದ್ದರೆ ಕೊಳೆ ಹಿಡಿದಿದೆ. ಕೊಳೆತದ್ದನ್ನೆಲ್ಲ ಕೆತ್ತಿ ತೆಗೆದು ಬೋರ್ಡೋ ಮುಲಾಮು ಹಚ್ಚಿ, ನೀರು ನಿಲ್ಲದಂತೆ ಮುಚ್ಚಬೇಕು. ಮೊಗ್ಗಿನವರೆಗೆ ಇಳಿದಿರದಿದ್ದರೆ ಬದುಕುತ್ತದೆ.

ಒಮ್ಮೆ ಹೂಬಿಟ್ಟು ಸಾಯುವವು

ಶ್ರೀತಾಳೆ ಕೆಲವು ದಶಕ ಗರಿ ಬಿಟ್ಟು, ನೆತ್ತಿಯಲ್ಲಿ ಸಸ್ಯಲೋಕದಲ್ಲೇ ಅತಿ ದೊಡ್ಡ ಹೂಗೊಂಚಲನ್ನು ಎತ್ತಿ, ಕಾಯಿ ಉದುರಿಸಿ ಸಾಯುತ್ತದೆ. ಓಲೆಗರಿ ಗ್ರಂಥಗಳ ಮರವೆಂಬ ಅಭಿಮಾನಕ್ಕೆ ನೆಡುವವರು ಮನೆಯಿಂದ ದೂರ ನೆಡಲಿ. ಬೈನೆಯ ಸಾವು ನಿಧಾನದ್ದು. ಮೊದಲ ಗೊಂಚಲು ತುದಿಯಲ್ಲಿ, ಮುಂದಿನವು ಒಂದೊಂದಾಗಿ ಕೆಳಗೆ; ಕೊನೆಯದು ಬುಡದ ಕಡೆ ಇಳಿಯುವ ಹೊತ್ತಿಗೆ ವರ್ಷಗಳು ಕಳೆದಿರುತ್ತವೆ. ತುದಿಯಲ್ಲಿ ಹೂ ಕಂಡ ವರ್ಷವೇ ಪಕ್ಕದಲ್ಲಿ ಹೊಸ ಸಸಿ ನೆಟ್ಟುಕೊಳ್ಳಿ. ಮರಬೆಕ್ಕುಗಳು ಹಣ್ಣು ತಿಂದು ಬೀಜ ಹರಡುವ ಕಡೆ ನೆಡುವ ಕೆಲಸವೂ ಬೇಕಿಲ್ಲ, ಬೇಲಿಯ ಬುಡದಲ್ಲಿ ಎದ್ದ ಸಸಿಯನ್ನು ಎರಡೆಲೆ ಇರುವಾಗ ಮಣ್ಣುಸಮೇತ ಎತ್ತಿದರೆ ಸಾಕು. ಸತ್ತ ಬೈನೆಯನ್ನು ಹಾಗೇ ನಿಲ್ಲಿಸಿಡಬೇಡಿ. ಒಳಗಿನ ಮೆತ್ತನೆಯ ಭಾಗ ಬೇಗ ಕೊಳೆಯುತ್ತದೆ, ಹೊರಗಿನ ಗಟ್ಟಿ ಕವಚವಷ್ಟೇ ನಿಂತಿರುತ್ತದೆ. ಮನೆಯ ಮಾಡು, ವಿದ್ಯುತ್ ತಂತಿ ಹತ್ತಿರವಿದ್ದರೆ ಬೇಸಿಗೆ ಮುಗಿಯುವುದರೊಳಗೆ ಕಡಿಸಿ.